ಮರೆವಿನ ಕಾಯಿಲೆಗೆ ಚರ್ಮದ ಮೇಲೆ ಅಂಟಿಸುವ ಔಷಧ ಪ್ಯಾಚ್: ಸುರಕ್ಷಿತ ಬಳಕೆ, ಅಡ್ಡಪರಿಣಾಮಗಳು ಹಾಗೂ ಆರೈಕೆದಾರರು ಅನುಸರಿಸತಕ್ಕ ಕ್ರಮಗಳು

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ನಾಗರಿಕರ ಮಾಹಿತಿಗಾಗಿ)

1. ಪೀಠಿಕೆ

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಈ ಗಾದೆಯ ಮಾತನ್ನೇ ನಂಬಿ, ವೃದ್ಧರಲ್ಲಿ ಕಂಡುಬರುವ ತೀವ್ರ ಮರೆವನ್ನು ವಯಸ್ಸಿನ ಸಹಜ ಧರ್ಮವೆಂದು ಭಾವಿಸಿ ಚಿಕಿತ್ಸೆಯನ್ನು ಮುಂದೂಡುವ ಕುಟುಂಬಗಳು ಅನೇಕ. ವಾಸ್ತವದಲ್ಲಿ ಡಿಮೆನ್ಷಿಯಾ ಎಂದು ಕರೆಯಲಾಗುವ ಮರೆವಿನ ಕಾಯಿಲೆಯು ಮಿದುಳಿಗೆ ಸಂಬಂಧಿಸಿದ ರೋಗವಾಗಿದ್ದು, ಎಲ್ಲ ವೃದ್ಧರಿಗೂ ಬರುವಂತಹದ್ದಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ವರ್ಷ ಮೇಲ್ಪಟ್ಟವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಈ ಕಾಯಿಲೆಯಿಂದ ಬಳಲುತ್ತಿದ್ದಾರೆ.

ಈ ಕಾಯಿಲೆಯ ಚಿಕಿತ್ಸೆಯಲ್ಲಿ ಬಳಸಲಾಗುವ ಔಷಧಗಳಲ್ಲಿ ಚರ್ಮದ ಮೇಲೆ ಅಂಟಿಸುವ ರಿವಾಸ್ಟಿಗ್ಮಿನ್ ಪ್ಯಾಚ್ ಸಹ ಒಂದು. ನೋಡಲು ಇದು ಬೆನ್ನುನೋವಿಗೆ ಹಚ್ಚುವ ಪ್ಲಾಸ್ಟರಿನಂತೆಯೇ ಇರುವುದರಿಂದ ಅನೇಕರು ಇದನ್ನು ಹಗುರವಾಗಿ ಪರಿಗಣಿಸುತ್ತಾರೆ. ಆದರೆ ಇದು ರಕ್ತಕ್ಕೆ ಸೇರಿ ಮಿದುಳಿನ ಮೇಲೆ ಕಾರ್ಯ ಮಾಡುವ ಪ್ರಬಲ ಔಷಧವಾಗಿರುತ್ತದೆ. ಸರಿಯಾದ ಕ್ರಮದಲ್ಲಿ ಬಳಸಿದಲ್ಲಿ ಉಪಯುಕ್ತವೂ, ತಪ್ಪಾಗಿ ಬಳಸಿದಲ್ಲಿ ಪ್ರಾಣಾಪಾಯಕರವೂ ಆಗಬಲ್ಲದು. ಆದ್ದರಿಂದ ಆರೈಕೆದಾರರು ಈ ಕೆಳಕಂಡ ಮಾಹಿತಿಯನ್ನು ಗಮನವಿಟ್ಟು ಓದಿಕೊಳ್ಳುವುದು ಅವಶ್ಯ.

2. ಪ್ಯಾಚ್ ಎಂದರೇನು? ಅದು ಹೇಗೆ ಕಾರ್ಯ ಮಾಡುತ್ತದೆ?

ನೆನಪು, ಗಮನ ಮತ್ತು ಕಲಿಕೆಗೆ ಅಗತ್ಯವಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಆಲ್ಝೈಮರ್ ಕಾಯಿಲೆಯಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಈ ರಾಸಾಯನಿಕವನ್ನು ಒಡೆದು ಹಾಕುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ರಿವಾಸ್ಟಿಗ್ಮಿನ್ ತಡೆಹಿಡಿಯುತ್ತದೆ. ಇದರಿಂದ ಉಳಿದಿರುವ ಅಸಿಟೈಲ್‌ಕೋಲಿನ್ ಹೆಚ್ಚು ಕಾಲ ಉಪಯೋಗಕ್ಕೆ ದೊರೆಯುತ್ತದೆ.

ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದ ಪ್ರೊ. ಮಾರ್ತಾ ವೈನ್‌ಸ್ಟಾಕ್-ರೋಸಿನ್ ಅವರ ಸಂಶೋಧನೆಯಿಂದ ರೂಪುಗೊಂಡ ಈ ಔಷಧವು ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಕ್ಯಾಪ್ಸೂಲ್ ರೂಪದಲ್ಲಿಯೂ, 2007ರಲ್ಲಿ ಪ್ಯಾಚ್ ರೂಪದಲ್ಲಿಯೂ ಅನುಮೋದನೆ ಪಡೆಯಿತು. ಕ್ಯಾಪ್ಸೂಲ್ ನುಂಗಿದಾಗ ರಕ್ತದಲ್ಲಿ ಔಷಧದ ಮಟ್ಟವು ಒಮ್ಮೆಲೇ ಏರಿ ಇಳಿಯುವುದರಿಂದ ವಾಕರಿಕೆ ಮತ್ತು ವಾಂತಿ ಹೆಚ್ಚು. ಪ್ಯಾಚ್ ಮೂಲಕ ಔಷಧವು 24 ಗಂಟೆಗಳ ಕಾಲ ನಿಧಾನವಾಗಿ, ಹೆಚ್ಚುಕಡಿಮೆ ಸಮನಾಗಿ ಒಳಸೇರುತ್ತದೆ. 2007ರಲ್ಲಿ ಪ್ರಕಟವಾದ 1,195 ರೋಗಿಗಳ ಅಧ್ಯಯನದಲ್ಲಿ ಕ್ಯಾಪ್ಸೂಲ್ ತೆಗೆದುಕೊಂಡವರಲ್ಲಿ ಶೇ. 23 ಮಂದಿಗೆ ವಾಕರಿಕೆ ಉಂಟಾದರೆ, 10 ಚದರ ಸೆಂ.ಮೀ. ಪ್ಯಾಚ್ ಬಳಸಿದವರಲ್ಲಿ ಅದು ಶೇ. 7ಕ್ಕೆ ಸೀಮಿತವಾಗಿತ್ತು. ವಾಂತಿಯ ಪ್ರಮಾಣವು ಅನುಕ್ರಮವಾಗಿ ಶೇ. 17 ಮತ್ತು ಶೇ. 6 ಆಗಿತ್ತು.

ಈ ಔಷಧವು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಕಳೆದುಹೋದ ನೆನಪನ್ನು ಮರಳಿ ತರುವುದೂ ಇಲ್ಲ. ಕೆಲವರಲ್ಲಿ ಕೆಲ ಕಾಲ ದೈನಂದಿನ ಕೆಲಸಗಳನ್ನು ನಿಭಾಯಿಸುವ ಶಕ್ತಿಯನ್ನು ಸ್ವಲ್ಪಮಟ್ಟಿಗೆ ಕಾಯ್ದುಕೊಳ್ಳಲು ನೆರವಾಗುತ್ತದೆ. ಎಲ್ಲ ಬಗೆಯ ಮರೆವಿಗೂ ಇದು ಔಷಧವಲ್ಲ. ಆಲ್ಝೈಮರ್ ಕಾಯಿಲೆ ಹಾಗೂ ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ ಡಿಮೆನ್ಷಿಯಾಕ್ಕೆ ಮಾತ್ರ ಇದರ ಅನುಮೋದನೆ ಇರುತ್ತದೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ತಲೆಗೆ ಬಿದ್ದ ಪೆಟ್ಟು ಮುಂತಾದ ಕಾರಣಗಳಿಂದಲೂ ಮರೆವು ಬರಬಹುದಾಗಿದ್ದು, ಅವುಗಳಿಗೆ ಬೇರೆಯೇ ಚಿಕಿತ್ಸೆ ಇದೆ. ಆದ್ದರಿಂದ ನೆರೆಮನೆಯವರಿಗೆ ಅನುಕೂಲವಾಯಿತೆಂಬ ಕಾರಣಕ್ಕೆ, ವೈದ್ಯರ ಪರೀಕ್ಷೆ ಇಲ್ಲದೆ ಈ ಪ್ಯಾಚನ್ನು ಖರೀದಿಸಿ ಬಳಸತಕ್ಕದ್ದಲ್ಲ.

3. ಕವರಿನ ಮೇಲಿನ ಅಂಕಿಗಳನ್ನು ಓದುವ ಬಗೆ

ಪ್ಯಾಚ್ ಮೂರು ಪ್ರಮಾಣಗಳಲ್ಲಿ ದೊರೆಯುತ್ತದೆ. ಒಂದೇ ಪ್ಯಾಚಿಗೆ ಮೂರು ಬಗೆಯ ಅಂಕಿಗಳು ಅನ್ವಯಿಸುವುದರಿಂದ ಗೊಂದಲಕ್ಕೆ ಅವಕಾಶವಿದೆ. ಮೂಲ ಕಂಪನಿಯ ಎಕ್ಸೆಲಾನ್ ಪ್ಯಾಚಿನ ವಿವರ ಕೆಳಕಂಡಂತಿದೆ.

ಅ) ಅಳತೆ 5 ಚದರ ಸೆಂ.ಮೀ. – ಒಳಗಿರುವ ಒಟ್ಟು ಔಷಧ 9 ಮಿ.ಗ್ರಾಂ. – 24 ಗಂಟೆಯಲ್ಲಿ ದೇಹಕ್ಕೆ ಬಿಡುಗಡೆಯಾಗುವುದು 4.6 ಮಿ.ಗ್ರಾಂ.
ಆ) ಅಳತೆ 10 ಚದರ ಸೆಂ.ಮೀ. – ಒಟ್ಟು ಔಷಧ 18 ಮಿ.ಗ್ರಾಂ. – ಬಿಡುಗಡೆಯಾಗುವುದು 9.5 ಮಿ.ಗ್ರಾಂ.
ಇ) ಅಳತೆ 15 ಚದರ ಸೆಂ.ಮೀ. – ಒಟ್ಟು ಔಷಧ 27 ಮಿ.ಗ್ರಾಂ. – ಬಿಡುಗಡೆಯಾಗುವುದು 13.3 ಮಿ.ಗ್ರಾಂ.

ಮೇಲಿನ ವಿವರದಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದಾಗಿ, ಚಿಕ್ಕ ಪ್ಯಾಚಿನೊಳಗಿನ ಒಟ್ಟು ಔಷಧ "9" ಮತ್ತು ಮಧ್ಯಮ ಪ್ಯಾಚಿನಿಂದ ಬಿಡುಗಡೆಯಾಗುವ "9.5" ಇವೆರಡೂ ಬೇರೆ ಬೇರೆ. ಅಂಕಿ ಹತ್ತಿರವಿದೆಯೆಂದು ಒಂದರ ಬದಲಿಗೆ ಇನ್ನೊಂದನ್ನು ಪಡೆದಲ್ಲಿ ಔಷಧದ ಪ್ರಮಾಣ ಎರಡು ಪಟ್ಟಾಗುತ್ತದೆ ಅಥವಾ ಅರ್ಧಕ್ಕಿಳಿಯುತ್ತದೆ. ವೈದ್ಯರ ಚೀಟಿಯಲ್ಲಿ "24 ಗಂಟೆಗೆ ಇಷ್ಟು ಮಿ.ಗ್ರಾಂ." ಎಂಬುದನ್ನು ಸ್ಪಷ್ಟವಾಗಿ ಬರೆಯಿಸಿಕೊಳ್ಳಬೇಕು ಹಾಗೂ ಔಷಧ ಅಂಗಡಿಯಲ್ಲಿ ಅದೇ ಅಂಕಿಯನ್ನು ಕವರಿನ ಮೇಲೆ ತಾಳೆ ನೋಡಬೇಕು. ಎರಡನೆಯದಾಗಿ, ಒಂದು ದಿನ ಬಳಸಿ ತೆಗೆದ ಪ್ಯಾಚಿನಲ್ಲಿ ಸುಮಾರು ಅರ್ಧದಷ್ಟು ಔಷಧ ಇನ್ನೂ ಉಳಿದಿರುತ್ತದೆ. ಬಳಸಿದ ಪ್ಯಾಚ್ ಎಂದರೆ ಖಾಲಿ ಪ್ಯಾಚ್ ಅಲ್ಲ.

ಚಿಕಿತ್ಸೆಯು ಸಾಮಾನ್ಯವಾಗಿ 4.6 ಮಿ.ಗ್ರಾಂ. ಪ್ಯಾಚಿನಿಂದ ಆರಂಭವಾಗುತ್ತದೆ. ಕನಿಷ್ಠ 4 ವಾರಗಳ ನಂತರ, ರೋಗಿಗೆ ಒಗ್ಗಿದೆಯೆಂದು ವೈದ್ಯರು ಖಚಿತಪಡಿಸಿಕೊಂಡ ಮೇಲೆಯೇ 9.5 ಮಿ.ಗ್ರಾಂ.ಗೆ ಏರಿಸಲಾಗುತ್ತದೆ. ಬೇಗ ಗುಣವಾಗಲೆಂದು ಮನೆಯವರು ತಾವೇ ಪ್ರಮಾಣ ಏರಿಸುವುದಾಗಲಿ, ಹಣ ಉಳಿಸಲೆಂದು ದೊಡ್ಡ ಪ್ಯಾಚನ್ನು ಕತ್ತರಿಸಿ ಎರಡು ದಿನ ಬಳಸುವುದಾಗಲಿ ಕೂಡದು.

4. ಅಂಟಿಸುವ ಕ್ರಮ

1) ಪ್ರತಿದಿನ ಒಂದೇ ಸಮಯದಲ್ಲಿ, ಉದಾಹರಣೆಗೆ ಬೆಳಗಿನ ಸ್ನಾನದ ನಂತರ, ಪ್ಯಾಚ್ ಬದಲಾಯಿಸಬೇಕು.
2) ಮೊದಲು ಹಿಂದಿನ ದಿನದ ಪ್ಯಾಚನ್ನು ತೆಗೆಯಬೇಕು. ನಂತರವೇ ಹೊಸ ಕವರನ್ನು ತೆರೆಯಬೇಕು.
3) ಮೇಲ್ಬೆನ್ನು, ಕೆಳಬೆನ್ನು, ತೋಳಿನ ಮೇಲ್ಭಾಗ ಅಥವಾ ಎದೆಯ ಮೇಲೆ ಅಂಟಿಸಬಹುದು. ರೋಗಿಯು ಪ್ಯಾಚನ್ನು ಕಿತ್ತುಹಾಕುವ ಅಭ್ಯಾಸದವರಾಗಿದ್ದಲ್ಲಿ ಕೈಗೆಟುಕದ ಬೆನ್ನಿನ ಭಾಗವೇ ಸೂಕ್ತ. ನೋವಿನ ಪ್ಲಾಸ್ಟರಿನಂತೆ ಮಂಡಿಗೆ ಅಥವಾ ಹಣೆಗೆ ಅಂಟಿಸಬಾರದು.
4) ಚರ್ಮವು ಶುಚಿಯಾಗಿ, ಒಣಗಿ, ಕೂದಲಿಲ್ಲದೆ, ಗಾಯ ಮತ್ತು ತುರಿಕೆಯಿಲ್ಲದೆ ಇರಬೇಕು. ಕೊಬ್ಬರಿ ಎಣ್ಣೆ, ಕುಸುಬೆ ಎಣ್ಣೆ, ಪೌಡರ್, ಮುಲಾಮು ಹಚ್ಚಿದ ಜಾಗದಲ್ಲಿ ಪ್ಯಾಚ್ ನಿಲ್ಲುವುದಿಲ್ಲ. ನಿತ್ಯ ವಿಭೂತಿ ಧರಿಸುವ ಹಿರಿಯರಿಗೆ ಎದೆ ಮತ್ತು ತೋಳಿನ ವಿಭೂತಿ ಧರಿಸುವ ಜಾಗವನ್ನು ಬಿಟ್ಟು ಬೆನ್ನಿಗೆ ಅಂಟಿಸುವುದು ಒಳ್ಳೆಯದು. ಕಲ್ಲುಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳ ಆಸುಪಾಸಿನ ಊರುಗಳಲ್ಲಿ ಮೈಮೇಲೆ ಕೂರುವ ಧೂಳನ್ನು ತೊಳೆದು ಒರೆಸಿದ ನಂತರವೇ ಅಂಟಿಸಬೇಕು.
5) ಬಿಗಿಯಾದ ಕುಪ್ಪಸ, ಉಡಿದಾರ, ಶಿವದಾರ, ತೋಳಿನ ತಾಯಿತ ಇವು ಉಜ್ಜುವ ಜಾಗ ಬೇಡ.
6) ಅಂಗೈಯಿಂದ ಕನಿಷ್ಠ 30 ಸೆಕೆಂಡುಗಳ ಕಾಲ ಒತ್ತಿ ಹಿಡಿಯಬೇಕು. ಅಂಚುಗಳು ಎದ್ದಿಲ್ಲವೆಂದು ನೋಡಿಕೊಳ್ಳಬೇಕು.
7) ಅಂಟಿಸಿದವರು ಕೂಡಲೇ ಸೋಪು ಮತ್ತು ನೀರಿನಿಂದ ಕೈ ತೊಳೆದುಕೊಳ್ಳಬೇಕು. ಅದಕ್ಕೂ ಮೊದಲು ಕಣ್ಣು ಮುಟ್ಟಬಾರದು. ಕಣ್ಣಿಗೆ ತಾಗಿದಲ್ಲಿ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ಉರಿ ಕಡಿಮೆಯಾಗದಿದ್ದಲ್ಲಿ ವೈದ್ಯರಿಗೆ ತೋರಿಸಬೇಕು.
8) ಒಮ್ಮೆ ಬಳಸಿದ ಜಾಗದಲ್ಲಿ 14 ದಿನಗಳ ಒಳಗೆ ಮತ್ತೆ ಅಂಟಿಸಬಾರದು. ಎಡ ಮತ್ತು ಬಲ ಸೇರಿ ತೋಳು, ಎದೆ, ಮೇಲ್ಬೆನ್ನು, ಕೆಳಬೆನ್ನು ಎಂದು ಒಟ್ಟು 8 ಭಾಗಗಳಾಗುತ್ತವೆ. ಎಂಟು ದಿನಕ್ಕೆ ಒಂದು ಸುತ್ತು ಮುಗಿದ ಮೇಲೆ, ಎರಡನೆಯ ಸುತ್ತಿನಲ್ಲಿ ಹಳೆಯ ಗುರುತಿನಿಂದ ನಾಲ್ಕು ಬೆರಳಿನಷ್ಟು ದೂರ ಸರಿಸಿ ಅಂಟಿಸಿದಲ್ಲಿ ಈ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ.

ಸಾಧಾರಣ ಸ್ನಾನಕ್ಕೆ ಅಡ್ಡಿಯಿಲ್ಲ. ಆದರೆ ಪ್ಯಾಚಿನ ಮೇಲೆ ಬಿಸಿನೀರಿನ ಚೀಲ ಇಡುವುದು, ಕಾವು ಕೊಡುವುದು, ಕೆಂಡದ ಅಗ್ಗಿಷ್ಟಿಕೆಯ ಮುಂದೆ ಬೆನ್ನುಮಾಡಿ ಕೂರುವುದು ಬೇಡ. ಪ್ಯಾಚಿಗೆ ಹೊರಗಿನ ಶಾಖ ತಗುಲದಂತೆ ನೋಡಿಕೊಳ್ಳಬೇಕು.

5. ಅತಿ ಮುಖ್ಯ ಎಚ್ಚರಿಕೆ: ಒಂದು ಮೈಗೆ ಒಂದೇ ಪ್ಯಾಚ್

ಹಳೆಯ ಪ್ಯಾಚನ್ನು ತೆಗೆಯದೆ ಹೊಸದನ್ನು ಅಂಟಿಸುವುದು ಮತ್ತು ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಪ್ಯಾಚ್ ಅಂಟಿಸುವುದು ಈ ಔಷಧದ ಬಳಕೆಯಲ್ಲಿ ಪದೇ ಪದೇ ಕಂಡುಬಂದಿರುವ ತಪ್ಪುಗಳು. 2010ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ಇದೇ ವಿಷಯವಾಗಿ ವೈದ್ಯರಿಗೆ ವಿಶೇಷ ಎಚ್ಚರಿಕೆ ನೀಡಿತ್ತು. ಹೀಗೆ ಹಲವು ಪ್ಯಾಚ್‌ಗಳು ಮೈಮೇಲೆ ಉಳಿದ ಪ್ರಕರಣಗಳಲ್ಲಿ ರೋಗಿಗಳು ಆಸ್ಪತ್ರೆಗೆ ದಾಖಲಾದ, ಅಪರೂಪವಾಗಿ ಮೃತಪಟ್ಟ ವರದಿಗಳೂ ಇವೆ.

ಕೂಡುಕುಟುಂಬಗಳಲ್ಲಿ ಈ ತಪ್ಪು ಸುಲಭವಾಗಿ ಸಂಭವಿಸಬಹುದು. ಬೆಳಿಗ್ಗೆ ಸೊಸೆ ಅಂಟಿಸಿದ್ದು ತಿಳಿಯದೆ ಸಂಜೆ ಮಗ ಮತ್ತೊಂದನ್ನು ಅಂಟಿಸಬಹುದು. ಬೆನ್ನಿನ ಮೇಲಿನ ಪ್ಯಾಚ್ ಬಟ್ಟೆಯ ಮರೆಯಲ್ಲಿದ್ದು ಕಣ್ಣಿಗೆ ಬೀಳದೆ ಇರಬಹುದು. "ಅಂಟಿಸಿದ್ದಾರೆಯೇ?" ಎಂದು ರೋಗಿಯನ್ನೇ ಕೇಳಿ ಪ್ರಯೋಜನವಿಲ್ಲ, ನೆನಪಿನ ತೊಂದರೆಯೇ ಅವರ ಕಾಯಿಲೆ. ಆದ್ದರಿಂದ ಕೆಳಕಂಡ ವ್ಯವಸ್ಥೆಯನ್ನು ಪಾಲಿಸುವುದು ಸೂಕ್ತ.

ಅ) ಪ್ಯಾಚ್ ಬದಲಾಯಿಸುವ ಜವಾಬ್ದಾರಿ ಮನೆಯಲ್ಲಿ ಒಬ್ಬರದೇ ಆಗಿರಬೇಕು. ಅವರು ಊರಿಗೆ ಹೋಗುವಾಗ ಮತ್ತೊಬ್ಬರಿಗೆ ಬಾಯಿಮಾತಿನಲ್ಲಿ ಅಲ್ಲದೆ ಬರಹದಲ್ಲಿ ವಹಿಸಿಕೊಡಬೇಕು.
ಆ) ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಹಳೆಯ ಪ್ಯಾಚ್ ತೆಗೆದ ಸಮಯ, ಹೊಸದನ್ನು ಅಂಟಿಸಿದ ಸಮಯ, ಅಂಟಿಸಿದ ಜಾಗ, ಅಂಟಿಸಿದವರ ಸಹಿ ಎಂಬ ಐದು ಕಲಮುಗಳನ್ನು ಹಾಕಿಕೊಳ್ಳಬೇಕು. "ತೆಗೆದದ್ದು" ಎಂಬ ಕಲಮು ಖಾಲಿ ಇರುವಾಗ "ಅಂಟಿಸಿದ್ದು" ಎಂಬ ಕಲಮನ್ನು ಭರ್ತಿ ಮಾಡಬಾರದು.
ಇ) ವಾರಕ್ಕೊಮ್ಮೆ ಪೆಟ್ಟಿಗೆಯಲ್ಲಿ ಉಳಿದ ಕವರುಗಳನ್ನು ಎಣಿಸಬೇಕು. ತಂದದ್ದರಲ್ಲಿ ಬಳಸಿದ್ದನ್ನು ಕಳೆದರೆ ಬರುವ ಸಂಖ್ಯೆಗೂ ಶಿಲ್ಕಿಗೂ ತಾಳೆಯಾಗಬೇಕು. ಕವರು ಕಡಿಮೆ ಇದ್ದಲ್ಲಿ ಯಾವುದೋ ದಿನ ಎರಡು ಅಂಟಿಸಿರುವ ಅಥವಾ ಮಕ್ಕಳ ಕೈಗೆ ಸಿಕ್ಕಿರುವ ಸಾಧ್ಯತೆಯಿದ್ದು, ಕೂಡಲೇ ರೋಗಿಯ ಮೈಯನ್ನು ಪೂರ್ತಿಯಾಗಿ ಪರಿಶೀಲಿಸಬೇಕು. ಕವರು ಹೆಚ್ಚಿದ್ದಲ್ಲಿ ಯಾವುದೋ ದಿನ ತಪ್ಪಿದೆ ಎಂದರ್ಥ.
ಈ) ಪ್ಯಾಚಿನ ಮೇಲೆ ದಿನಾಂಕ ಬರೆಯುವುದಾದಲ್ಲಿ ಅಂಟಿಸುವ ಮೊದಲೇ ಮೆತ್ತಗಿನ ಪೆನ್ನಿನಿಂದ ಬರೆಯಬೇಕು, ಚೂಪಾದ ಪೆನ್ನಿನಿಂದ ಪ್ಯಾಚ್ ಹರಿಯಬಹುದು.

ಅತಿಪ್ರಮಾಣದ ಲಕ್ಷಣಗಳು: ತೀವ್ರ ವಾಕರಿಕೆ ಮತ್ತು ವಾಂತಿ, ಬಾಯಲ್ಲಿ ಜೊಲ್ಲು ಸುರಿಯುವುದು, ವಿಪರೀತ ಬೆವರು, ಭೇದಿ, ನಾಡಿ ನಿಧಾನವಾಗುವುದು, ರಕ್ತದೊತ್ತಡ ಇಳಿಯುವುದು, ಸ್ನಾಯುಗಳ ನಿಶ್ಶಕ್ತಿ, ಉಸಿರಾಟಕ್ಕೆ ಕಷ್ಟ, ಫಿಟ್ಸ್, ಪ್ರಜ್ಞೆ ತಪ್ಪುವುದು. ಇಂತಹ ಸಂದರ್ಭದಲ್ಲಿ ಮೈಮೇಲಿರುವ ಎಲ್ಲ ಪ್ಯಾಚ್‌ಗಳನ್ನು ತಕ್ಷಣ ತೆಗೆದುಹಾಕಿ, 108ಕ್ಕೆ ಕರೆ ಮಾಡಿ, ಔಷಧದ ಕವರಿನೊಂದಿಗೆ ಆಸ್ಪತ್ರೆಗೆ ಹೋಗಬೇಕು. ಲಕ್ಷಣಗಳಿಲ್ಲದೆ ಕೇವಲ ಎರಡು ಪ್ಯಾಚ್ ಕಂಡುಬಂದಲ್ಲಿಯೂ ಎರಡನ್ನೂ ತೆಗೆದು, ವೈದ್ಯರಿಗೆ ತಿಳಿಸಿ, ಮುಂದಿನ 24 ಗಂಟೆಗಳ ಕಾಲ ಹೊಸದನ್ನು ಅಂಟಿಸಬಾರದು.

6. ಮರೆತಲ್ಲಿ ಅಥವಾ ಕಳಚಿ ಬಿದ್ದಲ್ಲಿ

ಪ್ಯಾಚ್ ಬದಲಾಯಿಸಲು ಮರೆತಿದ್ದಲ್ಲಿ ನೆನಪಾದ ಕೂಡಲೇ ಹಳೆಯದನ್ನು ತೆಗೆದು ಹೊಸದೊಂದನ್ನು ಅಂಟಿಸಿ, ಮರುದಿನ ಎಂದಿನ ಸಮಯಕ್ಕೆ ಬದಲಾಯಿಸಬೇಕು. ತಪ್ಪಿದ ದಿನಕ್ಕೆ ಸರಿದೂಗಿಸಲು ಎರಡು ಅಂಟಿಸಬಾರದು. ಬೆವರಿನಿಂದ ಕಳಚಿ ಬಿದ್ದಲ್ಲಿ ಉಳಿದ ದಿನಕ್ಕೆ ಹೊಸದನ್ನು ಅಂಟಿಸಿ, ಮರುದಿನ ಎಂದಿನ ಸಮಯಕ್ಕೇ ಬದಲಾಯಿಸಬೇಕು.

ಮೂರು ದಿನಗಳಿಗಿಂತ ಹೆಚ್ಚು ಕಾಲ ಪ್ಯಾಚ್ ತಪ್ಪಿದ್ದಲ್ಲಿ ಹಿಂದಿನ ಪ್ರಮಾಣವನ್ನೇ ಮುಂದುವರಿಸುವುದು ಅಪಾಯಕರ. ದೇಹಕ್ಕೆ ಔಷಧದ ರೂಢಿ ತಪ್ಪಿರುವುದರಿಂದ ತೀವ್ರ ವಾಂತಿ ಉಂಟಾಗಬಹುದು. ವೈದ್ಯರನ್ನು ಕಂಡು 4.6 ಮಿ.ಗ್ರಾಂ. ಪ್ರಮಾಣದಿಂದಲೇ ಪುನಃ ಆರಂಭಿಸಬೇಕಾಗುತ್ತದೆ. ಜಾತ್ರೆ, ಮದುವೆ, ಸುಗ್ಗಿ ಮುಂತಾದ ಸಂದರ್ಭಗಳಲ್ಲಿ ಔಷಧ ತರುವುದು ತಪ್ಪಿಹೋಗುವ ಸಂಭವವಿರುವುದರಿಂದ, ಪೆಟ್ಟಿಗೆಯಲ್ಲಿ ಏಳು ಕವರು ಉಳಿದಿರುವಾಗಲೇ ಮುಂದಿನ ಪೆಟ್ಟಿಗೆ ತರಿಸಿಕೊಳ್ಳುವುದು ಕ್ಷೇಮ. ಚಿಂಚೋಳಿ ತಾಲ್ಲೂಕಿನ ದೂರದ ತಾಂಡಾ ಮತ್ತು ಹಳ್ಳಿಗಳವರು ಇದನ್ನು ವಿಶೇಷವಾಗಿ ಗಮನದಲ್ಲಿಡಬೇಕು.

7. ಅಡ್ಡಪರಿಣಾಮಗಳು

ಅ) ಚರ್ಮದ ತೊಂದರೆ: ಪ್ಯಾಚ್ ಇದ್ದ ಜಾಗದಲ್ಲಷ್ಟೇ ತೆಳುವಾದ ಕೆಂಪು ಹಾಗೂ ಸ್ವಲ್ಪ ತುರಿಕೆ ಸಾಮಾನ್ಯ. ಜಾಗ ಬದಲಾಯಿಸುತ್ತಾ ಹೋದಲ್ಲಿ ಇದು ಹತೋಟಿಯಲ್ಲಿರುತ್ತದೆ. ಆದರೆ ಕೆಂಪು ಪ್ಯಾಚಿನ ಅಂಚನ್ನು ದಾಟಿ ಹರಡಿದಲ್ಲಿ, ಊತ, ಗುಳ್ಳೆ ಅಥವಾ ನೀರುಗುಳ್ಳೆ ಎದ್ದಲ್ಲಿ, ಪ್ಯಾಚ್ ತೆಗೆದ 48 ಗಂಟೆಗಳ ನಂತರವೂ ಗಣನೀಯವಾಗಿ ಕಡಿಮೆಯಾಗದಿದ್ದಲ್ಲಿ ಅದು ಅಲರ್ಜಿಯ ಲಕ್ಷಣವಾಗಿರಬಹುದು. ಆಗ ಹೊಸ ಪ್ಯಾಚ್ ಅಂಟಿಸದೆ ವೈದ್ಯರನ್ನು ಕಾಣಬೇಕು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲವಾದ್ದರಿಂದ ಬೆರಳಿನಿಂದ ಮುಟ್ಟಿ ಬಿಸಿ, ಊತ, ಗಡಸುತನವನ್ನು ಪರೀಕ್ಷಿಸಬೇಕು.

ಆ) ಹೊಟ್ಟೆಯ ತೊಂದರೆ: ವಾಕರಿಕೆ, ವಾಂತಿ, ಭೇದಿ, ಹಸಿವು ಕಡಿಮೆಯಾಗುವುದು. ಇವು ಸಾಮಾನ್ಯವಾಗಿ ಚಿಕಿತ್ಸೆಯ ಆರಂಭದಲ್ಲಿ ಅಥವಾ ಪ್ರಮಾಣ ಏರಿಸಿದಾಗ ಕಾಣಿಸಿಕೊಳ್ಳುತ್ತವೆ. ತಾಪಮಾನವು 40 ಡಿಗ್ರಿ ದಾಟುವ ಈ ಭಾಗದ ಬೇಸಿಗೆಯಲ್ಲಿ ವೃದ್ಧರಿಗೆ ವಾಂತಿ ಭೇದಿಯಿಂದ ನಿರ್ಜಲೀಕರಣ ಬಹುಬೇಗ ಉಂಟಾಗುತ್ತದೆ. ಬಾಯಿ ಒಣಗುವುದು, ಮೂತ್ರ ಕಡಿಮೆಯಾಗುವುದು, ಮಂಪರು ಕಂಡಲ್ಲಿ ತಡಮಾಡದೆ ಓ.ಆರ್.ಎಸ್. ದ್ರಾವಣ ನೀಡಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಇ) ತೂಕ ಇಳಿಕೆ: ತಿಂಗಳಿಗೊಮ್ಮೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೂಕ ನೋಡಿಸಿ ಪುಸ್ತಕದಲ್ಲಿ ಬರೆದಿಡಬೇಕು. 50 ಕಿ.ಗ್ರಾಂ.ಗಿಂತ ಕಡಿಮೆ ತೂಕದವರಲ್ಲಿ ಅಡ್ಡಪರಿಣಾಮಗಳು ಹೆಚ್ಚಾಗಿರುವುದರಿಂದ ಇದು ಅತ್ಯಗತ್ಯ.

ಈ) ಹೃದಯ ಮತ್ತು ತಲೆಸುತ್ತು: ನಾಡಿ ಬಡಿತ ನಿಧಾನವಾಗಿ ತಲೆಸುತ್ತು ಅಥವಾ ಮೂರ್ಛೆ ಬರಬಹುದು. ವೃದ್ಧರು ಬಿದ್ದು ಸೊಂಟದ ಮೂಳೆ ಮುರಿದುಕೊಂಡಲ್ಲಿ ಹಾಸಿಗೆ ಹಿಡಿಯುವ ಸಂಭವ ಹೆಚ್ಚು. ನುಣುಪಾದ ಶಹಾಬಾದ್ ಪರಸಿಯ ನೆಲದ ಮೇಲೆ, ವಿಶೇಷವಾಗಿ ಬಚ್ಚಲಿನಲ್ಲಿ, ನೀರು ನಿಲ್ಲದಂತೆ ನೋಡಿಕೊಳ್ಳಬೇಕು.

ಉ) ಇತರ: ತಲೆನೋವು, ನಿದ್ರಾಭಂಗ, ಕೈನಡುಕ ಹೆಚ್ಚಾಗುವುದು. ಕಪ್ಪು ಮಲ ಅಥವಾ ರಕ್ತವಾಂತಿ ಕಂಡಲ್ಲಿ ಅದು ಜಠರದ ರಕ್ತಸ್ರಾವದ ಲಕ್ಷಣವಾಗಿದ್ದು, ತುರ್ತು ಚಿಕಿತ್ಸೆ ಅಗತ್ಯ.

ಡಿಮೆನ್ಷಿಯಾ ಉಳ್ಳವರು ತಮಗಾಗುತ್ತಿರುವ ತೊಂದರೆಯನ್ನು ಬಾಯಿಬಿಟ್ಟು ಹೇಳಲಾರರು. ರೊಟ್ಟಿಯನ್ನು ದೂರ ಸರಿಸುವುದು, ಸುಮ್ಮನೆ ಮಲಗುವುದು, ಎಂದಿಲ್ಲದ ಸಿಟ್ಟು ಇವೇ ಅವರು ಹೇಳುವ ಮಾತು. ಇದನ್ನು ಹಟವೆಂದು ಬಗೆಯದೆ, ಔಷಧ ಆರಂಭಿಸಿದ ದಿನಾಂಕದೊಂದಿಗೆ ಹೋಲಿಸಿ ನೋಡುವುದು ಆರೈಕೆದಾರರ ಕರ್ತವ್ಯ.

8. ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕಾದ ಅಂಶಗಳು

ಹೃದಯ ಬಡಿತದ ತೊಂದರೆ, ಅಸ್ತಮಾ ಅಥವಾ ದೀರ್ಘಕಾಲದ ಉಸಿರಾಟದ ಕಾಯಿಲೆ, ಹೊಟ್ಟೆಹುಣ್ಣು, ಮೂತ್ರ ಕಟ್ಟುವ ತೊಂದರೆ, ಫಿಟ್ಸ್ ಇದ್ದಲ್ಲಿ ತಿಳಿಸಬೇಕು. ಗಣಿ ಮತ್ತು ಕಾರ್ಖಾನೆಗಳಲ್ಲಿ ದೀರ್ಘಕಾಲ ದುಡಿದು ಉಸಿರಾಟದ ತೊಂದರೆ ಉಳ್ಳ ನಿವೃತ್ತ ಕಾರ್ಮಿಕರು ಆ ವಿವರವನ್ನು ತಪ್ಪದೆ ಹೇಳಬೇಕು.

ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ರಕ್ತದೊತ್ತಡದ ಮಾತ್ರೆಗಳು ನಾಡಿಯನ್ನು ಇನ್ನಷ್ಟು ನಿಧಾನಗೊಳಿಸಬಹುದು. ವಾಂತಿಗೆ ನೀಡುವ ಮೆಟೊಕ್ಲೊಪ್ರಮೈಡ್ ಔಷಧವು ಇದರೊಂದಿಗೆ ಸೇರಿ ನಡುಕ ಮತ್ತು ಬಿಗಿತವನ್ನು ಹೆಚ್ಚಿಸಬಹುದು. ಆದ್ದರಿಂದ ವಾಂತಿಯಾಯಿತೆಂದು ಅಂಗಡಿಯಿಂದ ತಾವೇ ಮಾತ್ರೆ ತರಬಾರದು. ಮೂತ್ರದ ಆತುರಕ್ಕೆ ನೀಡುವ ಆಕ್ಸಿಬ್ಯುಟಿನಿನ್ ಪ್ಯಾಚಿನ ಪರಿಣಾಮಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರಿಗೆ ಪ್ಯಾಚಿನ ವಿಷಯ ತಿಳಿಸಬೇಕು. ಕೆಲವು ಔಷಧ ಪ್ಯಾಚ್‌ಗಳಲ್ಲಿರುವ ಲೋಹದಿಂದ ಎಂ.ಆರ್.ಐ. ಸ್ಕ್ಯಾನ್ ವೇಳೆ ಸುಟ್ಟಗಾಯ ಉಂಟಾಗಬಹುದೆಂದು ಅಮೆರಿಕದ ಔಷಧ ಆಡಳಿತವು 2009ರಲ್ಲಿ ಎಚ್ಚರಿಸಿರುವುದರಿಂದ, ಸ್ಕ್ಯಾನ್ ಕೊಠಡಿಯ ಸಿಬ್ಬಂದಿಗೂ ತಿಳಿಸಬೇಕು.

ವಾಡಿ ಜಂಕ್ಷನ್ನಿನಿಂದ ಒಂದು ಮಾರ್ಗ ಶಹಾಬಾದ್ ಮೂಲಕ ಕಲಬುರಗಿಗೆ, ಮತ್ತೊಂದು ಚಿತ್ತಾಪುರ, ಸೇಡಂ, ತಾಂಡೂರು ಮೂಲಕ ಹೈದರಾಬಾದಿಗೆ ಹೋಗುತ್ತದೆ. ಹೀಗಾಗಿ ಒಮ್ಮೆ ಕಲಬುರಗಿಯಲ್ಲಿ, ಮತ್ತೊಮ್ಮೆ ಹೈದರಾಬಾದಿನಲ್ಲಿ ತೋರಿಸುವ ಪರಿಪಾಠ ಈ ಭಾಗದಲ್ಲಿದೆ. ಇಬ್ಬರು ವೈದ್ಯರು ಬರೆದ ಎರಡು ಚೀಟಿಗಳಲ್ಲಿ ಒಂದೇ ಔಷಧವು ಬೇರೆ ಬೇರೆ ಹೆಸರಿನಲ್ಲಿ ಇರಬಹುದು. ಅಥವಾ ಒಂದರಲ್ಲಿ ಪ್ಯಾಚ್, ಇನ್ನೊಂದರಲ್ಲಿ ಅದೇ ಗುಂಪಿಗೆ ಸೇರಿದ ಡೊನೆಪೆಜಿಲ್ ಮಾತ್ರೆ ಇರಬಹುದು. ಎರಡನ್ನೂ ಸೇರಿಸಿ ಬಳಸಿದಲ್ಲಿ ಅತಿಪ್ರಮಾಣದ ಪರಿಣಾಮ ಉಂಟಾಗಬಹುದು. ಯಾವ ಊರಿಗೆ ಹೋದರೂ ಹಿಂದಿನ ಎಲ್ಲ ಚೀಟಿಗಳನ್ನು ಕೊಂಡೊಯ್ಯಬೇಕು. ಕ್ಯಾಪ್ಸೂಲಿನಿಂದ ಪ್ಯಾಚಿಗೆ ಬದಲಾಯಿಸಿದಲ್ಲಿ ಕೊನೆಯ ಕ್ಯಾಪ್ಸೂಲ್ ತೆಗೆದುಕೊಂಡ ಮರುದಿನದಿಂದ ಪ್ಯಾಚ್ ಆರಂಭಿಸಿ, ಉಳಿದ ಕ್ಯಾಪ್ಸೂಲುಗಳನ್ನು ಪ್ರತ್ಯೇಕವಾಗಿ ತೆಗೆದಿಡಬೇಕು.

9. ಬೆಳೆಗಳಿಗೆ ಸಿಂಪಡಿಸುವ ಕೀಟನಾಶಕ ಮತ್ತು ಪ್ಯಾಚ್

ತೊಗರಿಯ ಕಣಜವಾದ ಈ ಭಾಗದ ರೈತ ಕುಟುಂಬಗಳು ಒಂದು ಅಂಶವನ್ನು ತಿಳಿದಿರಬೇಕು. ಕಾಯಿಕೊರಕ ಮುಂತಾದ ಕೀಟಗಳಿಗೆ ಸಿಂಪಡಿಸುವ ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಮುಂತಾದ ಸಾವಯವ ರಂಜಕ ಕೀಟನಾಶಕಗಳೂ ಕೋಲಿನೆಸ್ಟರೇಸ್ ಕಿಣ್ವವನ್ನೇ ತಡೆಯುತ್ತವೆ. ಪ್ಯಾಚಿನಲ್ಲಿ ಅದು ಅಳತೆಗೊಳಪಟ್ಟ ಔಷಧ. ಕೀಟನಾಶಕದಲ್ಲಿ ಅದು ವಿಷ. ಎರಡೂ ಕೂಡಿದಲ್ಲಿ ಪರಿಣಾಮವೂ ಕೂಡುತ್ತದೆ. ಆದ್ದರಿಂದ ಪ್ಯಾಚ್ ಬಳಸುವ ಹಿರಿಯರನ್ನು ಸಿಂಪರಣೆಯ ದಿನಗಳಲ್ಲಿ ಹೊಲಕ್ಕೆ ಕರೆದೊಯ್ಯಬಾರದು. ಕೀಟನಾಶಕದ ಡಬ್ಬಗಳು ಅವರ ಕೈಗೆ ಸಿಗಬಾರದು. ಸಿಂಪಡಿಸಿ ಬಂದವರು ಸ್ನಾನ ಮಾಡಿ ಬಟ್ಟೆ ಬದಲಾಯಿಸಿದ ನಂತರವೇ ಅವರ ಆರೈಕೆಗೆ ತೊಡಗಬೇಕು.

ಇದರ ಇನ್ನೊಂದು ಮುಖವೂ ಇದೆ. ಪ್ಯಾಚಿನ ಅತಿಪ್ರಮಾಣದ ಲಕ್ಷಣಗಳು ಕೀಟನಾಶಕ ಸೇವನೆಯ ಲಕ್ಷಣಗಳಂತೆಯೇ ಇರುತ್ತವೆ. ಜೊಲ್ಲು, ಬೆವರು, ವಾಂತಿಯೊಂದಿಗೆ ವೃದ್ಧರನ್ನು ಕರೆತಂದಾಗ ವಿಷ ಸೇವನೆಯ ಶಂಕೆ ಮೂಡಿ ಕುಟುಂಬವು ಸಂಕಟಕ್ಕೆ ಸಿಲುಕಬಹುದು. ಕರ್ತವ್ಯದಲ್ಲಿರುವ ವೈದ್ಯರಿಗೆ "ಇವರು ರಿವಾಸ್ಟಿಗ್ಮಿನ್ ಪ್ಯಾಚ್ ಬಳಸುತ್ತಿದ್ದಾರೆ" ಎಂದು ಮೊದಲಿಗೇ ತಿಳಿಸಿ, ಬಟ್ಟೆ ಸರಿಸಿ ಬೆನ್ನು ತೋರಿಸಬೇಕು. ಇದಕ್ಕೆ ನೀಡುವ ಅಟ್ರೊಪಿನ್ ಚುಚ್ಚುಮದ್ದನ್ನು ಕೀಟನಾಶಕದ ವಿಷಕ್ಕೂ ಬಳಸಲಾಗುತ್ತದೆ.

10. ಸಂಗ್ರಹ ಮತ್ತು ವಿಲೇವಾರಿ

ಪ್ಯಾಚನ್ನು ಬಳಸುವ ಕ್ಷಣದವರೆಗೂ ಮೂಲ ಕವರಿನಲ್ಲಿಯೇ ಇಡಬೇಕು. ಕವರಿನ ಮೇಲೆ ಮುದ್ರಿಸಿರುವ ಉಷ್ಣಾಂಶದ ಮಿತಿಯನ್ನು ಪಾಲಿಸಬೇಕು. ತಗಡಿನ ಮಾಡಿನ ಕೆಳಗೆ, ಬಿಸಿಲು ಬೀಳುವ ಗೂಡಿನಲ್ಲಿ, ಒಲೆಯ ಬಳಿ ಇಡಬಾರದು. ಮನೆಯ ಒಳಕೋಣೆಯ ನೆಲಮಟ್ಟದ ಕಪಾಟು ಹೆಚ್ಚು ತಂಪಾಗಿರುತ್ತದೆ. ಆದರೆ ಅದಕ್ಕೆ ಬೀಗವಿರಬೇಕು.

ತೆಗೆದ ಪ್ಯಾಚಿನಲ್ಲಿ ಅರ್ಧದಷ್ಟು ಔಷಧ ಉಳಿದಿರುತ್ತದೆಯೆಂದು ಮೇಲೆ ತಿಳಿಸಲಾಗಿದೆ. ಅಂಗಳದಲ್ಲಿ ಬಿದ್ದ ಇಂತಹ ಪ್ಯಾಚನ್ನು ಮಗುವೊಂದು ಸ್ಟಿಕ್ಕರೆಂದು ತಿಳಿದು ಕೈಗೆ ಅಂಟಿಸಿಕೊಂಡಲ್ಲಿ ಅಥವಾ ಬಾಯಿಗೆ ಹಾಕಿಕೊಂಡಲ್ಲಿ ಅನಾಹುತವಾಗಬಹುದು. ಆದ್ದರಿಂದ ಅಂಟಿನ ಭಾಗ ಒಳಗಾಗುವಂತೆ ಎರಡಾಗಿ ಮಡಚಿ, ಅದೇ ಕವರಿನಲ್ಲಿ ಹಾಕಿ, ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದಂತೆ ವಿಲೇವಾರಿ ಮಾಡಬೇಕು. ತಿಪ್ಪೆಗೆ, ಚರಂಡಿಗೆ ಅಥವಾ ಹೊಳೆಗೆ ಎಸೆಯಬಾರದು.

11. ಸೇವೆಗಳನ್ನು ಪಡೆಯುವ ಬಗೆ

ಪ್ರಥಮವಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಭೇಟಿ ನೀಡುವ ದಿನವನ್ನು ಅಲ್ಲಿಯೇ ವಿಚಾರಿಸಿಕೊಳ್ಳಬೇಕು. ಹೆಚ್ಚಿನ ಪರೀಕ್ಷೆಗೆ ಕಲಬುರಗಿಯಲ್ಲಿ ಗುಲ್ಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದ್ದು, ಇ.ಎಸ್.ಐ. ವಿಮೆಗೆ ಒಳಪಟ್ಟ ಕಾರ್ಮಿಕ ಕುಟುಂಬಗಳಿಗೆ ಸೇಡಂ ರಸ್ತೆಯಲ್ಲಿ ಇ.ಎಸ್.ಐ.ಸಿ. ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಮಿದುಳಿನ ಆರೋಗ್ಯ ಸೇವೆಯನ್ನು ಜಿಲ್ಲಾ ಮಟ್ಟಕ್ಕೆ ತಲುಪಿಸುವ ಉದ್ದೇಶದಿಂದ ರಾಜ್ಯ ಸರ್ಕಾರ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳು 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿವೆ.

ಕೊ೦ಡೊಯ್ಯಬೇಕಾದ ದಾಖಲೆಗಳು: ಹಿಂದಿನ ವೈದ್ಯರ ಚೀಟಿಗಳು, ಸದ್ಯ ಬಳಸುತ್ತಿರುವ ಎಲ್ಲ ಔಷಧಗಳು, ಪ್ಯಾಚಿನ ಖಾಲಿ ಕವರು, ಮೇಲೆ ತಿಳಿಸಿದ ನೋಟ್ ಪುಸ್ತಕ, ಆಧಾರ್ ಮತ್ತು ಪಡಿತರ ಚೀಟಿ, ಇದ್ದಲ್ಲಿ ಇ.ಎಸ್.ಐ. ಚೀಟಿ. ರೋಗಿಯ ದಿನಚರಿಯನ್ನು ಬಲ್ಲ ಒಬ್ಬರು ಜೊತೆಯಲ್ಲಿರಬೇಕು.

ದೂರವಾಣಿ ಸೇವೆಗಳು:
– ತುರ್ತು ಆಂಬ್ಯುಲೆನ್ಸ್: 108
– ಮಾನಸಿಕ ಆರೋಗ್ಯ ಸಲಹೆ, ಟೆಲಿ ಮಾನಸ್ (2022ರಿಂದ): 14416
– ಹಿರಿಯ ನಾಗರಿಕರ ಸಹಾಯವಾಣಿ: 14567
– ಔಷಧದ ಅಡ್ಡಪರಿಣಾಮ ವರದಿ ಮಾಡಲು, ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮ: 1800-180-3024

ಅಡ್ಡಪರಿಣಾಮವನ್ನು ವೈದ್ಯರಷ್ಟೇ ಅಲ್ಲದೆ ರೋಗಿಯ ಮನೆಯವರೂ ವರದಿ ಮಾಡಬಹುದಾಗಿದ್ದು, ಇದರಿಂದ ಮುಂದೆ ಇತರ ರೋಗಿಗಳಿಗೂ ಪ್ರಯೋಜನವಾಗುತ್ತದೆ.

12. ನೆನಪಿಡಬೇಕಾದ ಅಂಶಗಳು

– ಹಳೆಯದನ್ನು ತೆಗೆದ ಮೇಲೆಯೇ ಹೊಸದು.
– ದಿನಕ್ಕೊಂದು, ಮೈಗೊಂದು, ಕತ್ತರಿಸುವಂತಿಲ್ಲ.
– ಜಾಗ ದಿನವೂ ಬೇರೆ. 14 ದಿನ ಅದೇ ಜಾಗ ಬೇಡ.
– ಮೂರು ದಿನಕ್ಕಿಂತ ಹೆಚ್ಚು ತಪ್ಪಿದಲ್ಲಿ ವೈದ್ಯರನ್ನು ಕೇಳದೆ ಅಂಟಿಸಬಾರದು.
– ವಾಂತಿ ನಿಲ್ಲದಿದ್ದಲ್ಲಿ, ಮೂರ್ಛೆ ಬಂದಲ್ಲಿ, ಕೆಂಪು ಹರಡಿದಲ್ಲಿ ಪ್ಯಾಚ್ ತೆಗೆದು ವೈದ್ಯರನ್ನು ಕಾಣಬೇಕು.
– ತೆಗೆದ ಪ್ಯಾಚೂ ಔಷಧವೇ, ಮಕ್ಕಳಿಂದ ದೂರವಿಡಬೇಕು.

ವಿಶೇಷ ಸೂಚನೆ: ಮೇಲ್ಕಂಡ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಇವು ವೈದ್ಯರ ಸಲಹೆಗೆ ಬದಲಿಯಲ್ಲ. ಔಷಧವನ್ನು ಆರಂಭಿಸುವ, ಬದಲಾಯಿಸುವ ಅಥವಾ ನಿಲ್ಲಿಸುವ ತೀರ್ಮಾನವನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರೇ ಕೈಗೊಳ್ಳತಕ್ಕದ್ದು. ಓದಲು ಬಾರದ ಹಿರಿಯರ ಮನೆಗಳಲ್ಲಿ ಈ ಮಾಹಿತಿಯನ್ನು ಆಶಾ ಕಾರ್ಯಕರ್ತೆಯರು ಅಥವಾ ಮನೆಯ ವಿದ್ಯಾವಂತರು ಓದಿ ಹೇಳುವುದು.